ಉಪಕಾರಸ್ಮರಣೆಯೂ ಬಾಳಿನ ಗುರಿಯೂ

(ಪೂರ್ವವಿದ್ಯಾರ್ಥಿನಿಯರಿಗಾಗಿ ಒಂದು ಸತ್ಯವೇದ ಪಾಠ)

ಓದತಕ್ಕ ಭಾಗಗಳು: ಲೂಕನ ಸುವಾರ್ತೆ 17ನೆಯ ಅಧ್ಯಾಯ, 11 ರಿಂದ 19ನೆಯ ವಚನಗಳು, ಯೋಹಾನನ ಸುವಾರ್ತೆ 4ನೆಯ ಅಧ್ಯಾಯ, 1 ರಿಂದ 42ನೆಯ ವಚನಗಳು.



ಶಾಲೆಯನ್ನು ಬಿಟ್ಟುಹೋದ ನಮ್ಮ ಹೆಣ್ಣುಮಕ್ಕಳು ಬರೆಯುವ ಕಾಗದಗಳಲ್ಲಿ ಎರಡು ಪ್ರಶ್ನೆಗಳು ಪದೇ ಪದೇ ಕಾಣಬರುತ್ತವೆ. “ನಾನು ಇಷ್ಟು ಓದಿದ್ದರಿಂದ ಏನಾಯಿತು? ಮನೆಗೆಲಸದಲ್ಲಿಯೇ ದಿನಗಳು ಕಳೆದುಹೋಗುತ್ತಿವೆಯಲ್ಲಾ” ಎಂಬುದು ಒಂದು. “ದೇವರು ನನ್ನಿಂದ ಇಷ್ಟೊಂದು ತೆಗೆದುಕೊಂಡ ಮೇಲೆ ಯಾವುದಕ್ಕಾಗಿ ಸ್ತೋತ್ರ ಹೇಳಲಿ?” ಎಂಬುದು ಇನ್ನೊಂದು. ಮೊದಲನೆಯದು ಬಾಳಿನ ಗುರಿಯನ್ನು ಕುರಿತದ್ದು. ಎರಡನೆಯದು ಕೃತಜ್ಞತೆಯನ್ನು ಕುರಿತದ್ದು. ಇವೆರಡನ್ನೂ ಬೇರೆ ಬೇರೆಯಾಗಿ ವಿಚಾರಿಸಿದರೆ ಉತ್ತರ ದೊರೆಯುವುದು ಕಷ್ಟ. ತನಗೆ ದೊರೆತದ್ದು ಯಾರಿಂದ ದೊರೆಯಿತೆಂದು ಅರಿತವಳಿಗೆ, ತಾನು ಯಾರಿಗೆ ಏನನ್ನು ಮಾಡತಕ್ಕದ್ದೆಂಬುದೂ ತಿಳಿದುಬರುವುದು. ಈ ಪಾಠದ ಸಾರವು ಇಷ್ಟೇ. ಇದನ್ನು ಸತ್ಯವೇದದ ಒಂದು ವೃತ್ತಾಂತದ ಮೂಲಕವೂ, ನಮ್ಮ ಪಶ್ಚಿಮಘಟ್ಟದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಜೀವನಚರಿತ್ರೆಯ ಮೂಲಕವೂ ಪರಿಶೀಲಿಸೋಣ.

1. ಹತ್ತು ಮಂದಿಯಲ್ಲಿ ಒಬ್ಬನು

ಯೇಸುಸ್ವಾಮಿಯು ಯೆರೂಸಲೇಮಿಗೆ ಹೋಗುವ ದಾರಿಯಲ್ಲಿ, ಸಮಾರ್ಯಕ್ಕೂ ಗಲಿಲಾಯಕ್ಕೂ ನಡುವಣ ಒಂದು ಹಳ್ಳಿಯನ್ನು ಸೇರುವಾಗ, ಹತ್ತು ಮಂದಿ ಕುಷ್ಠರೋಗಿಗಳು ದೂರದಲ್ಲಿ ನಿಂತು ಕರುಣೆಗಾಗಿ ಕೂಗಿಕೊಂಡರು. ಇಂದು ಔಷಧದಿಂದ ಗುಣವಾಗುವ ಈ ರೋಗಕ್ಕೆ ಆಗ ಔಷಧವಿರಲಿಲ್ಲ. ಧರ್ಮಶಾಸ್ತ್ರದ ಪ್ರಕಾರ ರೋಗಿಗಳು ಊರ ಹೊರಗೆ ಇರತಕ್ಕದ್ದು. ವಾಸಿಯಾದವನನ್ನು ಯಾಜಕನು ಪರೀಕ್ಷಿಸಿ ಶುದ್ಧನೆಂದು ಹೇಳಿದ ಹೊರತು ಅವನು ತನ್ನ ಜನರೊಳಗೆ ಸೇರುವಂತಿರಲಿಲ್ಲ. ಸ್ವಾಮಿಯು ಆ ಹತ್ತು ಮಂದಿಯನ್ನೂ ಯಾಜಕರ ಬಳಿಗೆ ಕಳುಹಿಸಿದನು. ಹೋಗುತ್ತಿರುವಾಗಲೇ ಅವರು ಶುದ್ಧರಾದರು. ಅವರಲ್ಲಿ ಸಮಾರ್ಯದವನಾದ ಒಬ್ಬನು ಮಾತ್ರ ಹಿಂದಿರುಗಿ ಬಂದು ದೇವರನ್ನು ಕೊಂಡಾಡುತ್ತಾ ಸ್ವಾಮಿಯ ಪಾದಕ್ಕೆ ಬಿದ್ದನು.

ಮಿಕ್ಕ ಒಂಬತ್ತು ಮಂದಿಯನ್ನು ನಾವು ಸುಲಭವಾಗಿ ನಿಂದಿಸುತ್ತೇವೆ. ಆದರೆ ಅವರು ಅವಿಧೇಯರೇನೂ ಅಲ್ಲ, ಹೇಳಿದ್ದನ್ನೇ ಮಾಡಿದರು. ಎಷ್ಟೋ ದಿನಗಳಿಂದ ಕಾಣದ ಹೆಂಡತಿಮಕ್ಕಳನ್ನು ನೋಡಲು ಅವರು ಆತುರಪಟ್ಟಿರಬಹುದು. ಅದರಲ್ಲಿ ತಪ್ಪೇನಿದೆ? ಅವರ ಕೊರತೆ ಇಷ್ಟೇ: ದೊರೆತ ವರವನ್ನು ತೆಗೆದುಕೊಂಡು ಹೋದರು, ಕೊಟ್ಟವನನ್ನು ಕಾಣುವುದಕ್ಕೆ ತಿರುಗಿ ಬರಲಿಲ್ಲ. ತಿರುಗಿ ಬಂದವನಿಗೆ ಆರೋಗ್ಯದ ಸಂಗಡ ಮತ್ತೊಂದೂ ದೊರೆಯಿತು. ಸ್ವಾಮಿಯು ಅವನ ನಂಬಿಕೆಯನ್ನು ಮೆಚ್ಚಿ, ಎದ್ದು ಹೋಗೆಂದು ಅವನನ್ನು ಕಳುಹಿಸಿದನು. ಒಂಬತ್ತು ಮಂದಿ ತಮ್ಮ ಹಳೆಯ ಬಾಳಿಗೆ ಮರಳಿದರು. ಹತ್ತನೆಯವನು ಸ್ವಾಮಿಯಿಂದ ಕಳುಹಿಸಲ್ಪಟ್ಟವನಾದನು. ಉಪಕಾರಸ್ಮರಣೆಗೂ ಬಾಳಿನ ಗುರಿಗೂ ಇರುವ ಸಂಬಂಧವು ಇಲ್ಲಿ ಮೊದಲು ನಮಗೆ ಕಾಣುತ್ತದೆ.

2. ವರವನ್ನು ಗುರುತಿಸುವುದು

ಕಾರ್ಕಳದ ಬಳಿಯ ಮಾಳದವರಾದ ಅನಂತಶಾಸ್ತ್ರಿ ಡೋಂಗ್ರೆಯವರು ಸಂಸ್ಕೃತದಲ್ಲಿ ಮಹಾಪಂಡಿತರು. ಹೆಂಗಸರಿಗೆ ಸಂಸ್ಕೃತ ವಿದ್ಯೆಯು ನಿಷಿದ್ಧವೆಂದು ಜನರು ನಂಬಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಸಂಸ್ಕೃತವನ್ನು ಕಲಿಸಿದರು. ಇದಕ್ಕಾಗಿ ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು ತಮ್ಮ ನಡತೆಯು ಶಾಸ್ತ್ರವಿರುದ್ಧವಲ್ಲವೆಂದು ವಾದಿಸಬೇಕಾಯಿತು. ಬಳಿಕ ಅವರು ಘಟ್ಟದ ಮೇಲಣ ಗಂಗಾಮೂಲದ ಅರಣ್ಯದಲ್ಲಿ ವಾಸಮಾಡಿದರು. ಅಲ್ಲಿ 1858 ರಲ್ಲಿ ರಮಾಬಾಯಿ ಹುಟ್ಟಿದರು.

ರಮಾಬಾಯಿಯವರಿಗೆ ಪಾಠ ಹೇಳಿಕೊಟ್ಟವರು ತಾಯಿಯೇ. ಮನೆಗೆಲಸಗಳೆಲ್ಲವೂ ತಲೆಯ ಮೇಲಿದ್ದುದರಿಂದ ತಾಯಿಗೆ ಹಗಲಿನಲ್ಲಿ ಬಿಡುವಿರಲಿಲ್ಲ. ಆದುದರಿಂದ ಬೆಳಕು ಹರಿಯುವ ಮೊದಲೇ ಮಗಳನ್ನು ಎಬ್ಬಿಸಿ, ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು. ಆ ಕುಟುಂಬವು ತೀರ್ಥಕ್ಷೇತ್ರಗಳನ್ನು ಸುತ್ತುತ್ತಾ, ಪುರಾಣ ಓದಿ ಬಂದ ದಕ್ಷಿಣೆಯಿಂದ ಜೀವಿಸುತ್ತಿದ್ದ ವರ್ಷಗಳಲ್ಲಿಯೂ ಈ ಪಾಠವು ನಿಲ್ಲಲಿಲ್ಲ. 1887 ರಲ್ಲಿ ಅಮೇರಿಕೆಯಲ್ಲಿದ್ದಾಗ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ರಮಾಬಾಯಿಯವರು ಪ್ರಕಟಿಸಿದ ಇಂಗ್ಲಿಷ್ ಪುಸ್ತಕವನ್ನು ಈ ತಾಯಿಯ ಸ್ಮರಣೆಗೇ ಅರ್ಪಿಸಿದರು.

ಇದನ್ನು ನಾವು ಗಮನಿಸಬೇಕು. ಒಟ್ಟಾಗಿ “ದೇವರು ನನಗೆ ಒಳ್ಳೆಯದನ್ನು ಮಾಡಿದನು” ಎಂದು ಹೇಳುವುದು ಸುಲಭ. ಆದರೆ ವರವು ಯಾವಾಗಲೂ ಯಾರೋ ಒಬ್ಬರ ಕೈಯಿಂದ, ಯಾವುದೋ ಒಂದು ಹೊತ್ತಿನಲ್ಲಿ, ಯಾವುದೋ ಒಂದು ಬೆಲೆಗೆ ಬಂದಿರುತ್ತದೆ. ನಿಮ್ಮ ಶಾಲೆಯ ಫೀಜನ್ನು ಕಟ್ಟಲು ಯಾವ ಒಡವೆಯು ಅಡವಿಗೆ ಹೋಯಿತು? “ಹುಡುಗಿಗೆ ಇಷ್ಟು ಓದು ಏಕೆ?” ಎಂದ ನೆಂಟರಿಗೆ ಯಾರು ಉತ್ತರಕೊಟ್ಟರು? ನೀವು ಪುಸ್ತಕ ಹಿಡಿದು ಕುಳಿತಿದ್ದಾಗ ನಿಮ್ಮ ಪಾಲಿನ ಕೆಲಸವನ್ನು ಯಾವ ಅಕ್ಕ ಮಾಡಿದಳು? ಇದನ್ನು ನೆನೆದು ಹೆಸರು ಹಿಡಿದು ಹೇಳುವುದೇ ಉಪಕಾರಸ್ಮರಣೆಯ ಮೊದಲ ಮೆಟ್ಟಲು.

3. ಕೃತಜ್ಞತೆಯು ದುಃಖವನ್ನು ಅಲ್ಲಗಳೆಯುವುದಿಲ್ಲ

ಇನ್ನು ಎರಡನೆಯ ಪ್ರಶ್ನೆಗೆ ಬರೋಣ. ಎಲ್ಲವನ್ನೂ ಕಳೆದುಕೊಂಡವಳು ಏತಕ್ಕಾಗಿ ವಂದಿಸಬೇಕು?

ರಮಾಬಾಯಿಯವರಿಗೆ ಹದಿನಾರು ವರ್ಷವಾಗಿದ್ದಾಗ ಬರಗಾಲವು ಆ ಕುಟುಂಬವನ್ನು ಮುತ್ತಿತು. 1874 ರಲ್ಲಿ ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ, ಆ ಮೇಲೆ ಅಕ್ಕನೂ ತೀರಿಕೊಂಡರು. ಉಳಿದವರು ಅಣ್ಣನಾದ ಶ್ರೀನಿವಾಸನೂ ತಂಗಿಯೂ ಇಬ್ಬರೇ. ಅವರು ಕಾಲುನಡಿಗೆಯಲ್ಲಿ ದೇಶವನ್ನೆಲ್ಲಾ ಸುತ್ತಿದರು. ಪಂಜಾಬಿನಲ್ಲಿ ಝೇಲಂ ನದಿಯ ದಡದಲ್ಲಿ ಹೊದೆಯುವುದಕ್ಕೆ ಬಟ್ಟೆಯಿಲ್ಲದೆ, ಮರಳಿನಲ್ಲಿ ಗುಣಿಗಳನ್ನು ತೋಡಿ, ತಲೆಯೊಂದನ್ನು ಬಿಟ್ಟು ಮೈಯನ್ನೆಲ್ಲಾ ಮರಳಿನಿಂದ ಮುಚ್ಚಿಕೊಂಡು ಚಳಿಯನ್ನು ಕಳೆದರು. 1878 ರಲ್ಲಿ ಕಲ್ಕತ್ತೆಯ ವಿದ್ವಾಂಸರು ರಮಾಬಾಯಿಯವರನ್ನು ಪರೀಕ್ಷಿಸಿ “ಪಂಡಿತಾ”, “ಸರಸ್ವತಿ” ಎಂಬ ಬಿರುದುಗಳನ್ನು ಕೊಟ್ಟರು. ಆದರೆ 1880 ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಅವರು ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ, 1882 ರಲ್ಲಿ, ಗಂಡನು ಕಾಲರಾ ರೋಗದಿಂದ ಮೃತನಾದನು. ಮಡಿಲಲ್ಲಿ ಮನೋರಮೆ ಎಂಬ ಹಸುಗೂಸು ಮಾತ್ರ ಉಳಿಯಿತು.

ಇಂಥ ದುಃಖವನ್ನು ಒಳ್ಳೆಯದೆಂದು ಹೇಳಬೇಕೆಂದು ಕ್ರಿಸ್ತನ ವಿಶ್ವಾಸವು ನಮ್ಮನ್ನು ಬಲಾತ್ಕರಿಸುವುದಿಲ್ಲ. ಲಾಜರನ ಸಮಾಧಿಯ ಬಳಿಯಲ್ಲಿ ಸ್ವಾಮಿಯೇ ಕಣ್ಣೀರು ಬಿಟ್ಟನು. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ನಿಂತು, “ಇದಕ್ಕೂ ಸ್ತೋತ್ರ ಹೇಳಮ್ಮಾ” ಎನ್ನುವವರು ಆಕೆಯ ಗಾಯವನ್ನು ಕೆದಕುತ್ತಾರೆ. ಕಷ್ಟಕ್ಕಾಗಿ ವಂದಿಸುವುದು ಬೇರೆ. ಕಷ್ಟದೊಳಗೆ ಇದ್ದುಕೊಂಡು, ಅದು ಕಸಿದುಕೊಳ್ಳಲಾರದೆ ಬಿಟ್ಟದ್ದಕ್ಕಾಗಿ ವಂದಿಸುವುದು ಬೇರೆ. ಬರಗಾಲವು ರಮಾಬಾಯಿಯವರಿಂದ ತಾಯಿಯನ್ನು ಕಸಿದುಕೊಂಡಿತು. ಮುಂಜಾವದಲ್ಲಿ ತಾಯಿ ಹೇಳಿಕೊಟ್ಟ ವಿದ್ಯೆಯನ್ನು ಕಸಿದುಕೊಳ್ಳಲು ಅದರಿಂದಾಗಲಿಲ್ಲ.

4. ಬಾವಿಯ ಬಳಿಯಲ್ಲಿ

1883 ರಲ್ಲಿ ರಮಾಬಾಯಿಯವರು ಇಂಗ್ಲೆಂಡಿಗೆ ಹೋಗಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಆಶ್ರಮದಲ್ಲಿ ಇಳಿದುಕೊಂಡರು. ಆ ಸಹೋದರಿಯರು ಅವರನ್ನು ಲಂಡನ್ನಿನ ಫುಲ್‌ಹ್ಯಾಮಿನಲ್ಲಿದ್ದ ತಮ್ಮ ಮನೆಗೂ ಕರೆದೊಯ್ದರು. ಸಮಾಜವು ಪತಿತೆಯರೆಂದು ಹೊರಗೆ ಹಾಕಿದ್ದ ಹೆಂಗಸರು ಅಲ್ಲಿ ಆದರದಿಂದ ಪೋಷಿಸಲ್ಪಡುತ್ತಿದ್ದರು. ಅಂಥವರ ಮೇಲೆ ಈ ಸಹೋದರಿಯರಿಗೆ ಇಷ್ಟು ಕನಿಕರ ಏಕೆಂದು ಅವರು ಆಶ್ಚರ್ಯಪಟ್ಟು ಕೇಳಲಾಗಿ, ಒಬ್ಬ ಸಹೋದರಿಯು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ತೋರಿಸಿದರು.

ಆ ಅಧ್ಯಾಯದಲ್ಲಿಯೂ ಒಬ್ಬ ಸಮಾರ್ಯದವಳಿದ್ದಾಳೆ. ಐದು ಮಂದಿ ಗಂಡಂದಿರನ್ನು ಕಂಡವಳು ಅವಳು; ಒಬ್ಬಳೇ ನಡುಮಧ್ಯಾಹ್ನದಲ್ಲಿ ನೀರಿಗೆ ಬಂದಿದ್ದಾಳೆ. ಯೆಹೂದ್ಯನು ಅವಳ ಸಂಗಡ ಮಾತಾಡುವ ವಾಡಿಕೆಯಿಲ್ಲ. ಸ್ವಾಮಿಯೋ ಅವಳನ್ನು ನೀರು ಕೇಳುತ್ತಾನೆ. ದೇವರನ್ನು ಎಲ್ಲಿ ಹೇಗೆ ಆರಾಧಿಸಬೇಕೆಂಬ ಗಹನವಾದ ವಿಷಯವನ್ನು ಅವಳೊಡನೆ ಮಾತಾಡುತ್ತಾನೆ. ಹೆಂಗಸರಿಗೆ ಶಾಸ್ತ್ರವಿಚಾರವು ಸಲ್ಲದೆಂದು ಚಿಕ್ಕಂದಿನಿಂದ ಕೇಳಿದ್ದ ರಮಾಬಾಯಿಯವರ ಹೃದಯಕ್ಕೆ ಇದು ತಾಕಿತು. ಅದೇ ವರ್ಷ ಅವರೂ ಮಗಳೂ ದೀಕ್ಷಾಸ್ನಾನ ಹೊಂದಿದರು.

ಸಮಾರ್ಯದ ಆ ಹೆಂಗಸು ಆಮೇಲೆ ಮಾಡಿದ್ದೇನು? ಕೊಡವನ್ನು ಅಲ್ಲೇ ಬಿಟ್ಟು ಊರಿನೊಳಗೆ ಓಡಿ, ತಾನು ಕಂಡವನನ್ನು ಜನರಿಗೆ ತಿಳಿಸಿದಳು. ಯಾರೂ ಅವಳಿಗೆ ಅಪ್ಪಣೆ ಕೊಡಲಿಲ್ಲ. ತುಂಬಿದ ಮನಸ್ಸೇ ಅವಳಿಗೆ ಕೆಲಸವನ್ನು ತೋರಿಸಿತು. ರಮಾಬಾಯಿಯವರಿಗೂ ಹಾಗೆಯೇ ಆಯಿತು. ತಮಗೆ ದೊರೆತ ವಿದ್ಯೆಯೂ ಆದರವೂ ಯಾರಿಗೆ ದೊರೆತಿಲ್ಲವೆಂದು ನೋಡಿದಾಗ, ತಲೆ ಬೋಳಿಸಿ ಕತ್ತಲೆಮನೆಯಲ್ಲಿ ಕುಳ್ಳಿರಿಸಲ್ಪಟ್ಟ ಬಾಲವಿಧವೆಯರು ಅವರ ಕಣ್ಣಿಗೆ ಬಿದ್ದರು. 1887 ರಲ್ಲಿ ಬಾಸ್ಟನ್ ನಗರದಲ್ಲಿ ಸ್ಥಾಪಿತವಾದ ಸಂಘವೊಂದು ಹತ್ತು ವರ್ಷಗಳ ಸಹಾಯಕ್ಕೆ ಮಾತುಕೊಟ್ಟಿತು. 1889 ನೆಯ ಮಾರ್ಚ್ 11 ರಂದು ಮುಂಬಯಿಯಲ್ಲಿ ಅವರ ಶಾರದಾ ಸದನವು ಆರಂಭವಾಯಿತು. ಮರುವರ್ಷ ಅದು ಪುಣೆಗೆ ಹೋಯಿತು.

5. ಉಪಕಾರವು ಹಂಗಲ್ಲ

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಹೆಣ್ಣುಮಕ್ಕಳಿಗೆ ಕೃತಜ್ಞತೆಯನ್ನು ಬೋಧಿಸುವವರು ಕೆಲವು ವೇಳೆ ಅದನ್ನು ಮೂಗುದಾರವಾಗಿ ಉಪಯೋಗಿಸುತ್ತಾರೆ. “ನಿನ್ನನ್ನು ಸಾಕಿದೆವು, ಓದಿಸಿದೆವು, ಇನ್ನು ಬಾಯಿ ಮುಚ್ಚಿಕೊಂಡಿರು” ಎಂಬುದು ಉಪಕಾರದ ಮಾತಲ್ಲ, ಹಂಗಿನ ಮಾತು.

ವಾಂಟೇಜಿನ ಸಹೋದರಿಯರು ರಮಾಬಾಯಿಯವರಿಗೆ ಆಶ್ರಯವಿತ್ತರು. ಅವರ ಮಗಳನ್ನು ತಮ್ಮ ಮಗುವಿನಂತೆ ನೋಡಿಕೊಂಡರು. ಈ ಉಪಕಾರವನ್ನು ಅವರು ಮರೆಯಲಿಲ್ಲ. ಆದರೂ ಧರ್ಮಸಿದ್ಧಾಂತಗಳಲ್ಲಿ ತಮಗೆ ಒಪ್ಪಿಗೆಯಾಗದ್ದನ್ನು ಸಹೋದರಿ ಜೆರಾಲ್ಡೀನ್ ಅವರೊಡನೆ ಕಾಗದಗಳಲ್ಲಿ ಬಿಚ್ಚುಮನಸ್ಸಿನಿಂದ ವಾದಿಸಿದರು. ಮನಸ್ಸಾಕ್ಷಿಯನ್ನು ಯಾರಿಗೂ ಒಪ್ಪಿಸಿಕೊಡಲಾರೆನೆಂದು ನಿಂತರು. ಕ್ರೈಸ್ತರಾದರೂ ಸಸ್ಯಾಹಾರವನ್ನು ಬಿಡಲಿಲ್ಲ. ದೇವರಿಗೆ ಮಾತ್ರ ಸಲ್ಲತಕ್ಕ ಅಧೀನತೆಯನ್ನು ದೇವರ ಕೈಯಾಳುಗಳಿಗೆ ಸಲ್ಲಿಸಲಿಲ್ಲವೆಂದು ಇದರ ಅರ್ಥ. ಹತ್ತನೆಯ ಕುಷ್ಠರೋಗಿಯನ್ನು ಸ್ವಾಮಿಯು ಪಾದದ ಬಳಿಯಲ್ಲೇ ಇಟ್ಟುಕೊಳ್ಳದೆ ಎಬ್ಬಿಸಿ ಕಳುಹಿಸಿದನೆಂಬುದನ್ನು ಉಪಕಾರ ಮಾಡುವವರಾದ ನಾವೂ, ಅಂದರೆ ತಂದೆತಾಯಿಗಳೂ ಉಪಾಧ್ಯಾಯಿನಿಯರೂ, ನೆನಪಿನಲ್ಲಿಡಬೇಕು.

ಈ ಪಾಠವನ್ನು ಓದುವ ತಂದೆತಾಯಿಗಳಲ್ಲಿ ಅನೇಕರು ಕ್ರೈಸ್ತರಲ್ಲವೆಂಬುದನ್ನು ಬಲ್ಲೆನು. ಆದುದರಿಂದ 1893 ರ ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಶಾರದಾ ಸದನದಲ್ಲಿ ಮತಬೋಧನೆ ಇರುವುದಿಲ್ಲವೆಂದು ಮೊದಲೇ ತಿಳಿಸಲಾಗಿತ್ತು. ಕೆಲವು ಹುಡುಗಿಯರು ರಮಾಬಾಯಿಯವರ ಪ್ರಾರ್ಥನೆಗೆ ಬಂದು ಕುಳಿತುಕೊಳ್ಳತೊಡಗಿದಾಗ ಪುಣೆಯಲ್ಲಿ ದೊಡ್ಡ ಗಲಭೆಯಾಯಿತು. ರಾನಡೆ, ಭಾಂಡಾರ್ಕರ್ ಮೊದಲಾದ ಮಹನೀಯರು ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ತನ್ನ ಕೋಣೆಯ ಬಾಗಿಲನ್ನು ತೆರೆದಿಟ್ಟು ಪ್ರಾರ್ಥಿಸುವುದು ತನ್ನ ಹಕ್ಕೆಂದು ರಮಾಬಾಯಿಯವರು ಎಣಿಸಿದರು. ನಂಬಿ ಒಪ್ಪಿಸಿದ ಮಕ್ಕಳ ವಿಷಯದಲ್ಲಿ ಮಾತು ತಪ್ಪಿತೆಂದು ಪೋಷಕರು ಎಣಿಸಿದರು. ಎರಡು ಪಕ್ಷದಲ್ಲಿಯೂ ನೋವಿತ್ತು. ಆದರೆ ಅದೇ ಸದನದ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಗೋದೂಬಾಯಿ ಎಂಬ ಬಾಲವಿಧವೆಯು ಹಿಂದೂಮತದಲ್ಲಿಯೇ ಉಳಿದು, ಅದೇ 1893 ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದಳು. ಆ ಕರ್ವೆಯವರೇ ಮುಂದೆ 1916 ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಒಂದು ಮನೆಯಲ್ಲಿ ಹಚ್ಚಿದ ದೀಪದಿಂದ ಇನ್ನೊಂದು ಮನೆಯವರು ದೀಪ ಹಚ್ಚಿಕೊಂಡರೆ ಮೊದಲಿನದಕ್ಕೆ ನಷ್ಟವಿಲ್ಲ.

6. ಬರಗಾಲದ ದಾರಿಯಲ್ಲಿ ಮತ್ತೊಮ್ಮೆ

ತಾವು ಕ್ರೈಸ್ತಧರ್ಮವನ್ನು ಕಂಡಿದ್ದರೂ ಕ್ರಿಸ್ತನನ್ನೇ ಕಾಣುವುದಕ್ಕೆ ಎಷ್ಟೋ ವರ್ಷಗಳು ಹಿಡಿದವೆಂದು ರಮಾಬಾಯಿಯವರು ತಮ್ಮ ಸಾಕ್ಷಿಯಲ್ಲಿ ಬರೆದಿದ್ದಾರೆ. ಹಾಗೆ ಕಂಡ ಮೇಲೆ ಮಾಡಿದ ಕೆಲಸವು ಅವರ ಬಾಳಿನಲ್ಲಿ ಅತ್ಯಂತ ದೊಡ್ಡದು. 1896 ರಲ್ಲಿ ಮಧ್ಯಪ್ರಾಂತಗಳಲ್ಲಿ ಕ್ಷಾಮವು ತಲೆದೋರಿತು. ಹಸಿವೆಯಿಂದ ತಂದೆತಾಯಿಗಳನ್ನು ಕಳೆದುಕೊಂಡ ಹೆಣ್ಣುಮಕ್ಕಳ ಗತಿ ಏನಾಗುವುದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ತಾವೇ ಅಲ್ಲಿಗೆ ಹೋಗಿ, ಪುಣೆಯಿಂದ ಪೂರ್ವಕ್ಕಿರುವ ಕೇಡಗಾಂವದಲ್ಲಿ ಕೊಂಡಿದ್ದ ಹೊಲಕ್ಕೆ ನೂರಾರು ಹುಡುಗಿಯರನ್ನು ಕರೆತಂದರು. 1900 ರ ಗುಜರಾತಿನ ಕ್ಷಾಮದ ನಂತರ ಅಲ್ಲಿನ ನಿವಾಸಿಗಳು ಸಾವಿರಕ್ಕೂ ಮಿಕ್ಕಿದ್ದರು. ಅದೇ ಮುಕ್ತಿ ಸದನ.

ಅಲ್ಲಿ ಅನ್ನವನ್ನು ಹಾಕಿ ಸುಮ್ಮನೆ ಕುಳ್ಳಿರಿಸಲಿಲ್ಲ. ಬಾವಿ ತೋಡಿದರು, ಹೊಲಗದ್ದೆ, ದನಕರು, ಮಗ್ಗ, ಗಾಣ, ಅಚ್ಚುಕೂಟ ಎಲ್ಲವೂ ಇದ್ದವು. ಕಣ್ಣಿಲ್ಲದವರಿಗೆ ಬೆರಳಿನಿಂದ ಓದುವ ಬ್ರೈಲ್ ಲಿಪಿಯನ್ನು ಕಲಿಸಿದರು. ತಾಯಿಯ ತೊಡೆಯ ಮೇಲೆ ಸಂಸ್ಕೃತವನ್ನು ಕಲಿತ ಮಗಳು, ಮುಪ್ಪಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಅಭ್ಯಾಸಮಾಡಿ, ಹಳ್ಳಿಯ ಹೆಂಗಸಿಗೂ ಅರ್ಥವಾಗುವ ಸರಳ ಮರಾಠಿಗೆ ಸತ್ಯವೇದವನ್ನು ಭಾಷಾಂತರಿಸಿದರು.

ನಮ್ಮ ಕನ್ನಡನಾಡಿಗೂ ಆ ಕೃತಜ್ಞತೆಯ ಒಂದು ಪಾಲು ಬಂದಿತು. ಆಗ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, 1912 ರ ಸುಮಾರಿಗೆ ಅವರು ಒಂದು ಶಾಲೆಯನ್ನು ತೆರೆದರು. ಮಗಳಾದ ಮನೋರಮಾಬಾಯಿಯವರು ಅದರ ಮೇಲ್ವಿಚಾರಣೆಯನ್ನು ವಹಿಸಿಕೊಂಡರು. ಆ ಮಗಳೂ 1921 ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಅರುವತ್ತಮೂರು ವರ್ಷದ ತಾಯಿಯು ಈ ಕೊನೆಯ ದುಃಖವನ್ನೂ ಹೊತ್ತು, ಸತ್ಯವೇದದ ಅಚ್ಚಿನ ತಿದ್ದುಪಡಿಯನ್ನು ಮುಂದುವರಿಸಿ, 1922 ನೆಯ ಏಪ್ರಿಲ್ 5 ರಂದು ಕರ್ತನಲ್ಲಿ ನಿದ್ರೆಹೋದರು. ಮುಕ್ತಿ ಸದನದ ಕೆಲಸವು ಇಂದಿಗೂ ಕೇಡಗಾಂವದಲ್ಲಿ ನಡೆಯುತ್ತಿದೆ.

7. ನಮಗೆ ಪಾಠವೇನು?

“ರಮಾಬಾಯಿಯವರಂಥ ಮಹಾತ್ಮರ ಕಥೆಯಿಂದ ನನಗೇನು? ನನಗೆ ಒಂದು ಅಡುಗೆಮನೆಯೂ ಎರಡು ಮಕ್ಕಳೂ ಇದ್ದಾರೆ” ಎಂದು ಯಾರಾದರೂ ಕೇಳಬಹುದು. ಅಂಥವರು ಲಕ್ಷ್ಮೀಬಾಯಿಯವರನ್ನು ನೋಡಲಿ. ಅವರು ಸಭೆಗಳಲ್ಲಿ ಮಾತಾಡಲಿಲ್ಲ, ಪುಸ್ತಕ ಬರೆಯಲಿಲ್ಲ, ಬಿರುದನ್ನು ಪಡೆಯಲಿಲ್ಲ. ಗಂಡನಿಂದ ತಾನು ಪಡೆದ ವಿದ್ಯೆಯನ್ನು, ದಿನದಲ್ಲಿ ತನ್ನದಾಗಿ ಉಳಿದಿದ್ದ ಆ ಒಂದೇ ಹೊತ್ತಿನಲ್ಲಿ, ಒಬ್ಬ ಮಗಳಿಗೆ ದಾಟಿಸಿದರು. ಅದರ ಫಲವನ್ನು ಕಣ್ಣಾರೆ ಕಾಣುವ ಮೊದಲೇ ಹಸಿವೆಯಿಂದ ಸತ್ತರು. ಮುಕ್ತಿಯ ಸಾವಿರ ಮಕ್ಕಳು ಅವರ ಹೆಸರನ್ನು ಕೇಳಿದ್ದರೋ ಇಲ್ಲವೋ. ಆದರೆ ಆ ಮಕ್ಕಳು ಕಲಿತ ಅಕ್ಷರವು ಅವರಿಂದ ಬಂದದ್ದು.

ಆದುದರಿಂದ ಈ ವಾರ ಒಂದು ಸಂಜೆ ಬಿಡುವು ಮಾಡಿಕೊಂಡು ಮೂರು ಕೆಲಸಗಳನ್ನು ಮಾಡಿರಿ. ನಿಮಗೆ ದೊರೆತ ಒಂದು ವರವನ್ನೂ ಅದನ್ನು ತಂದುಕೊಟ್ಟ ಕೈಯನ್ನೂ ಕಾಗದದ ಮೇಲೆ ಬರೆಯಿರಿ. ಆ ವ್ಯಕ್ತಿಯು ಬದುಕಿದ್ದರೆ ಅವರಿಗೆ ತಿಳಿಸಿರಿ. ಅದೇ ವರವು ದೊರೆಯದೆ ಹೋದ ಒಬ್ಬಳನ್ನು ನಿಮ್ಮ ಬೀದಿಯಲ್ಲಿಯೋ ಮನೆಯಲ್ಲಿಯೋ ಹುಡುಕಿರಿ. ಪಾತ್ರೆ ತೊಳೆಯಲು ಬರುವವಳ ಮಗಳಾಗಿರಬಹುದು, ಓದನ್ನು ಅರ್ಧಕ್ಕೆ ಬಿಟ್ಟ ಸೊಸೆಯಾಗಿರಬಹುದು. ಆಮೇಲೆ ಆ ವರದಲ್ಲಿ ಒಂದು ಪಾಲನ್ನು, ಹಂಗಿನ ಮಾತಾಡದೆ, ಅವಳಿಗೆ ಕೊಡಿರಿ. ಬಾಳಿನ ಗುರಿಯು ದೊಡ್ಡದಾಗಿ ಒಂದೇ ಸಲ ಕಾಣಿಸಿಕೊಳ್ಳುವುದು ಅಪರೂಪ. ಹೀಗೆ ಒಬ್ಬಳಿಂದ ಆರಂಭಿಸಿದವರಿಗೆ ಮುಂದಿನ ಹೆಜ್ಜೆಯನ್ನು ದೇವರು ತೋರಿಸುವನು.

ತಂದೆತಾಯಿಗಳಲ್ಲಿಯೂ ಒಂದು ಬಿನ್ನಹ. ಮಗಳ ವಿದ್ಯೆಯನ್ನು ವರನ ಕಡೆಯವರಿಗೆ ತೋರಿಸುವ ಒಡವೆಯಂತೆ ಎಣಿಸಬೇಡಿರಿ. ಅದು ಅವಳ ಕೈಗೆ ಒಪ್ಪಿಸಲ್ಪಟ್ಟ ಬಿತ್ತನೆಯ ಬೀಜ. ಅದನ್ನು ಬಿತ್ತುವುದಕ್ಕೆ ಹೊಲವನ್ನೂ ಹೊತ್ತನ್ನೂ ಅವಳಿಗೆ ಬಿಟ್ಟುಕೊಡಿರಿ.

ಮನನಕ್ಕೆ ಪ್ರಶ್ನೆಗಳು

1. ಹಿಂದಿರುಗಿ ಬಾರದ ಒಂಬತ್ತು ಮಂದಿಯಲ್ಲಿ ನಿಮಗೆ ಮೆಚ್ಚಿಗೆಯಾಗುವುದೇನು? ಅವರಲ್ಲಿ ಇದ್ದ ಕೊರತೆಯೇನು?
2. ಸಮಾರ್ಯದ ಹೆಂಗಸು ತನ್ನ ಕೊಡವನ್ನು ಬಿಟ್ಟುಹೋದಳು. ದೇವರ ಕೆಲಸಕ್ಕಾಗಿ ನೀವು ಸ್ವಲ್ಪ ಹೊತ್ತು ಕೆಳಗಿಡಬೇಕಾದ ಕೊಡ ಯಾವುದು?
3. ಉಪಕಾರಕ್ಕೂ ಹಂಗಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮನೆಯ ನಡತೆಯಲ್ಲಿ ಹೇಗೆ ತೋರಿಸುವಿರಿ?
4. ದುಃಖದಲ್ಲಿರುವ ಗೆಳತಿಗೆ ಸ್ತೋತ್ರದ ಮಾತನ್ನು ಹೇಳುವ ಮೊದಲು ನೀವು ಮಾಡತಕ್ಕದ್ದೇನು?

ಪ್ರಾರ್ಥನೆ

ಪ್ರೀತಿಯುಳ್ಳ ತಂದೆಯೇ, ನಮಗಾಗಿ ಬೆಳಗಾಗುವ ಮೊದಲೇ ಎದ್ದವರಿಗಾಗಿ ನಿನ್ನನ್ನು ವಂದಿಸುತ್ತೇವೆ. ಕಳೆದುಕೊಂಡದ್ದಕ್ಕಾಗಿ ಅಳುವವರ ಬಳಿಯಲ್ಲಿ ನೀನೇ ಇರು. ಪಡೆದದ್ದನ್ನು ಬಚ್ಚಿಟ್ಟುಕೊಳ್ಳದೆ ನಿನ್ನ ಬಳಿಗೆ ಹಿಂದಿರುಗಿ ಬರುವ ಮನಸ್ಸನ್ನೂ, ನೀನು ಕಳುಹಿಸುವ ಕಡೆಗೆ ಎದ್ದು ಹೋಗುವ ಧೈರ್ಯವನ್ನೂ ನಮಗೆ ಅನುಗ್ರಹಿಸು. ಆಮೆನ್.